ಮೈಸೀನಿಯ ಮಣ್ಣಿನ ಗೊಂಬೆ, ಕೊರಿಂಥದ ಎಣ್ಣೆ ಕುಡಿಕೆ: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಇಸಾರ್ ದಡದಿಂದ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಕೆಲಸದ ನಿಮಿತ್ತ ಒಂಬತ್ತು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಮಳೆ ತಪ್ಪಿಸಿಕೊಳ್ಳಲೆಂದು ಕ್ಯೋನಿಗ್ಸ್‌ಪ್ಲಾಟ್ಸ್ ಚೌಕದ ಪ್ರಾಚೀನ ಕಲಾ ಸಂಗ್ರಹಾಲಯವನ್ನು ಹೊಕ್ಕೆ. ಅಥೆನ್ಸಿನ ಕುಂಬಾರ ಎಕ್ಸೇಕಿಯಾಸ್ ಸುಮಾರು ಕ್ರಿ.ಪೂ. 530ರಲ್ಲಿ ಮಾಡಿದ ಒಂದು ಬಟ್ಟಲು ಅಲ್ಲಿದೆ. ಅದರ ಒಳಮೈಯಲ್ಲಿ, ದ್ರಾಕ್ಷಿಬಳ್ಳಿ ಹಬ್ಬಿದ ದೋಣಿಯಲ್ಲಿ ಒರಗಿ ಕುಳಿತ ಮದ್ಯದ ದೇವತೆ ಡಯೊನೈಸಸ್ ಮತ್ತು ಅವನ ಸುತ್ತ ಈಜುವ ಏಳು ಡಾಲ್ಫಿನ್‌ಗಳನ್ನು ಕಂಡ ದಿನದಿಂದ ಗ್ರೀಕರ ಮಣ್ಣಿನ ಕೆಲಸ ನನ್ನನ್ನು ಬಿಟ್ಟಿಲ್ಲ. ಓದಿದ್ದೇನೆ, ಅಥೆನ್ಸ್ ಮತ್ತು ನಾಫ್‌ಪ್ಲಿಯೊದ ಸಂಗ್ರಹಾಲಯಗಳನ್ನೂ ನೋಡಿ ಬಂದಿದ್ದೇನೆ, ಆದರೆ ಒಂದನ್ನಾದರೂ ಸ್ವಂತಕ್ಕೆ ಕೊಂಡದ್ದಿಲ್ಲ.

ಕಳೆದ ವಾರ ಇಲ್ಲಿನ ಒಂದು ಹರಾಜಿನ ಪೂರ್ವವೀಕ್ಷಣೆಯಲ್ಲಿ ಎರಡು ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕಿತು. ಮೊದಲನೆಯದು ಗ್ರೀಸಿನ ಕಂಚಿನ ಯುಗದ ಕೊನೆಯ ಘಟ್ಟವಾದ ಮೈಸೀನಿ ಕಾಲದ ಸುಟ್ಟ ಮಣ್ಣಿನ ಗೊಂಬೆ. ಎತ್ತರ ಹತ್ತು ಸೆಂಟಿಮೀಟರ್ ಇರಬಹುದು. ಎರಡೂ ತೋಳುಗಳನ್ನು ಮೇಲೆತ್ತಿದ ಹೆಣ್ಣಿನ ರೂಪ, ಎದೆಯ ಮೇಲೆ ಕಂದು ಬಣ್ಣದ ಅಲೆಗೆರೆಗಳು, ತಲೆಯ ಮೇಲೆ ಚಪ್ಪಟೆ ಟೊಪ್ಪಿಗೆ. ಮುಖವನ್ನು ಕಡೆದಿಲ್ಲ, ಹಸಿ ಮಣ್ಣನ್ನು ಎರಡು ಬೆರಳಲ್ಲಿ ಚಿವುಟಿ ಮುಂದಕ್ಕೆಳೆದು ಮೂಗು ಮಾಡಿದ್ದಾರೆ. ಆ ಚಿವುಟಿದ ತಗ್ಗಿನಲ್ಲಿ ನನ್ನ ಬೆರಳ ತುದಿ ಸರಿಯಾಗಿ ಕೂತಿತು. ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದ ನನಗೆ ಆ ಕ್ಷಣ ಏನನ್ನಿಸಿತೆಂದು ಬರೆದು ತಿಳಿಸುವುದು ಕಷ್ಟ. ಎರಡನೆಯದು ಗ್ರೀಸಿನ ಕೊರಿಂಥ ನಗರದ ಅರಿಬಾಲೊಸ್, ಅಂದರೆ ಸುಗಂಧದ ಎಣ್ಣೆ ತುಂಬುವ ಗುಂಡನೆಯ ಪುಟ್ಟ ಕುಡಿಕೆ. ಮೈಮೇಲೆ ಸಾಲಾಗಿ ಹೆಜ್ಜೆ ಹಾಕುವ ಯೋಧರಿದ್ದಾರೆ, ಅಲ್ಲಲ್ಲಿ ಬಣ್ಣ ಹಕ್ಕಳೆದ್ದಿದೆ.

ಎರಡಕ್ಕೂ ಕ್ಯಾಟಲಾಗ್‌ನಲ್ಲಿ ಕೊಟ್ಟಿರುವ ಹಿನ್ನೆಲೆ ಒಂದೇ ಸಾಲು: “ಯುರೋಪಿನ ಖಾಸಗಿ ಸಂಗ್ರಹ, 1970ಕ್ಕಿಂತ ಹಿಂದಿನದು.” ನನಗಿರುವ ಸಂದೇಹಗಳು ಇವು. ಇವು ನಿಜವಾದ ಪ್ರಾಚೀನ ವಸ್ತುಗಳೆಂದು ನನ್ನಂಥವರು ತಿಳಿಯುವುದು ಹೇಗೆ? ಆ ಒಂದು ಸಾಲನ್ನು ನಂಬಿ ಕೊಂಡರೆ ಕಾನೂನಿನ ತೊಡಕು ಬರಬಹುದೇ? ಮುಂದೊಂದು ದಿನ ಮೈಸೂರಿಗೆ ಮರಳುವಾಗ ಜೊತೆಗೆ ಒಯ್ಯಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯೇ ಎಂಬುದರ ಬಗ್ಗೆ ತಿಳಿದವರು ಮುಚ್ಚುಮರೆಯಿಲ್ಲದೆ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಓಡುಚೂರು

ನಮಸ್ಕಾರ. ಉತ್ಖನನಗಳಲ್ಲಿ ಮಡಕೆ ಚೂರುಗಳನ್ನು ತೊಳೆದು, ಅಂಕಿ ಬರೆದು, ವಿಂಗಡಿಸುವ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ನೀವು ಹಿಡಿದ ಗೊಂಬೆ ನಿಜವಾದದ್ದೇ ಆಗಿದ್ದರೆ ಅದು “ಪ್ಸೈ” ಮಾದರಿಯದು. ಸ್ವೀಡನ್ನಿನ ವಿದ್ವಾಂಸ ಆರ್ನೆ ಫುರುಮಾರ್ಕ್ 1941ರಲ್ಲಿ ಮೈಸೀನಿ ಗೊಂಬೆಗಳನ್ನು ಅವುಗಳ ಆಕಾರ ಹೋಲುವ ಗ್ರೀಕ್ ಅಕ್ಷರಗಳ ಹೆಸರಿನಿಂದ ವಿಂಗಡಿಸಿದರು: ತೋಳುಗಳು ಮೈಗೆ ಅಂಟಿ ದುಂಡಗಾಗಿದ್ದರೆ ಫೈ, ಎದೆಯ ಮೇಲೆ ಮಡಚಿದ್ದರೆ ಟೌ, ಮೇಲೆತ್ತಿದ್ದರೆ ಪ್ಸೈ. ಕ್ರಿ.ಪೂ. 1400ರಿಂದ 1100ರವರೆಗಿನ ಮೂರು ಶತಮಾನಗಳಲ್ಲಿ ಇವುಗಳನ್ನು ಸಾವಿರಗಟ್ಟಲೆ ಮಾಡಿದರು. 1971ರಲ್ಲಿ ಎಲಿಝಬೆತ್ ಫ್ರೆಂಚ್ ಇವುಗಳ ಬೆಳವಣಿಗೆಯನ್ನು ಹಂತ ಹಂತವಾಗಿ ಗುರುತಿಸಿ ಪ್ರಕಟಿಸಿದ ಅಧ್ಯಯನವನ್ನೇ ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುತ್ತಾರೆ.

ಇಷ್ಟೊಂದು ಸಂಖ್ಯೆಯಲ್ಲಿದ್ದರೂ ಅವು ಯಾರ ಗೊಂಬೆಗಳು, ಏತಕ್ಕೆ ಮಾಡಿದ್ದು ಎಂಬ ಪ್ರಶ್ನೆಗೆ ಗೊಂಬೆಯನ್ನು ಮಾತ್ರ ನೋಡಿ ಉತ್ತರ ಹೇಳಲು ಬರುವುದಿಲ್ಲ. ಒಂದೇ ಬಗೆಯ ಗೊಂಬೆ ಮಗುವಿನ ಸಮಾಧಿಯಲ್ಲೂ ಸಿಗುತ್ತದೆ, ದೇವರ ಕೋಣೆಯ ಜಗುಲಿಯ ಮೇಲೂ ಸಿಗುತ್ತದೆ, ಮನೆಯ ಕಸದ ಗುಂಡಿಯಲ್ಲೂ ಸಿಗುತ್ತದೆ. ಸಮಾಧಿಯಲ್ಲಿ ಅದು ಮಗುವನ್ನು ಕಾಯುವ ತಾಯಿಯೋ ದಾದಿಯೋ ಇರಬಹುದು, ಜಗುಲಿಯ ಮೇಲೆ ಹರಕೆಯೋ ದೇವಿಯೋ ಇರಬಹುದು, ಕಸದಲ್ಲಿ ಸಿಕ್ಕಾಗ ಬಳಸಿ ಮುಗಿದ ಮೇಲೆ ಅದಕ್ಕೆ ವಿಶೇಷ ಬೆಲೆ ಉಳಿದಿರಲಿಲ್ಲ ಎಂಬ ಸುಳಿವು ಕೊಡುತ್ತದೆ. ಮೀಲೊಸ್ ದ್ವೀಪದ ಫಿಲಕೋಪಿಯಲ್ಲಿ 1974ರಿಂದ 1977ರವರೆಗೆ ಕಾಲಿನ್ ರೆನ್‌ಫ್ರೂ ನಡೆಸಿದ ಉತ್ಖನನದಲ್ಲಿ ದೇವರ ಕೋಣೆಯೊಂದರ ಗೊಂಬೆಗಳು ಇದ್ದ ಜಾಗದಲ್ಲೇ ದೊರೆತವು. ಆ ಜಾಗದಿಂದಾಗಿಯೇ ಅಲ್ಲಿನ ಪೂಜೆಯ ಬಗ್ಗೆ ಮಾತನಾಡಲು ಸಾಧ್ಯವಾಯಿತು. ನಿಮ್ಮ ಹರಾಜಿನ ಗೊಂಬೆ ಈ ಮೂರರಲ್ಲಿ ಎಲ್ಲಿಂದ ಬಂತೆಂಬುದು ಅದನ್ನು ಅಗೆದವನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಇನ್ನು ಯಾರಿಂದಲೂ ಅದನ್ನು ತಿಳಿಯಲಾಗದು.

ಇದರ ಅತ್ಯಂತ ನೋವಿನ ಉದಾಹರಣೆ ಕೆರೋಸ್. ಗ್ರೀಸಿನ ಸಿಕ್ಲಡೀಸ್ ದ್ವೀಪಗಳ ಅಮೃತಶಿಲೆಯ ಗೊಂಬೆಗಳು, ಕೈಕಟ್ಟಿ ನಿಂತ ಆ ಬಿಳಿಯ ನೀಳ ಆಕೃತಿಗಳು, ನಿಮಗೆ ಪರಿಚಿತವಾಗಿರುತ್ತವೆ. ಇಪ್ಪತ್ತನೆಯ ಶತಮಾನದ ಶಿಲ್ಪಿಗಳು ಮೆಚ್ಚಿದ್ದರಿಂದ ಅವುಗಳಿಗೆ ಬೇಡಿಕೆ ಬಂತು. ಬೇಡಿಕೆ ಬಂದದ್ದೇ ತಡ, 1950 ಮತ್ತು 60ರ ದಶಕಗಳಲ್ಲಿ ಕಳ್ಳರು ಆ ದ್ವೀಪಗಳ ಸಮಾಧಿಗಳನ್ನು ಬಗೆದುಹಾಕಿದರು. ಕೆರೋಸ್ ದ್ವೀಪದ ಕಾವೊಸ್ ಎಂಬಲ್ಲಿ ಒಡೆದ ಗೊಂಬೆಗಳ ದೊಡ್ಡ ರಾಶಿಯೇ ಇತ್ತು. 1963ರಲ್ಲಿ ರೆನ್‌ಫ್ರೂ ಅಲ್ಲಿಗೆ ಹೋಗುವಷ್ಟರಲ್ಲಿ ಅದು ಕೊಳ್ಳೆಯಾಗಿತ್ತು. ಗೊಂಬೆಗಳನ್ನು ಒಡೆದವರು ಕಳ್ಳರೇ ಎಂದು ಕೆಲವರು, ಅದು ಸಮಾಧಿಯ ಸ್ಥಳ ಎಂದು ಕೆಲವರು ವರ್ಷಗಟ್ಟಲೆ ವಾದಿಸಿದರು. ಕಳ್ಳರ ಗುದ್ದಲಿ ತಾಗದ ಇನ್ನೊಂದು ರಾಶಿಯನ್ನು 2006ರಿಂದ 2008ರವರೆಗೆ ಜಾಗರೂಕತೆಯಿಂದ ಅಗೆದಾಗ ಮಾತ್ರ ಸಂಗತಿ ಹೊರಬಿತ್ತು: ಚೂರುಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಸುಮಾರು 4,500 ವರ್ಷಗಳ ಹಿಂದೆ ಜನರು ಬೇರೆ ದ್ವೀಪಗಳಲ್ಲಿ ಗೊಂಬೆಗಳನ್ನು ಬೇಕೆಂದೇ ಒಡೆದು, ಒಂದೊಂದು ತುಂಡನ್ನು ಮಾತ್ರ ದೋಣಿಯಲ್ಲಿ ಇಲ್ಲಿಗೆ ತಂದು ಒಪ್ಪಿಸುತ್ತಿದ್ದರು. ಮಾರುಕಟ್ಟೆಗೆ ಬಂದ ಚೂರುಗಳಿಂದ ಈ ಆಚರಣೆ ಎಂದಿಗೂ ತಿಳಿಯುತ್ತಿರಲಿಲ್ಲ. ಅಲ್ಲಿ ಅವು ತುಂಡಾದ ಶಿಲ್ಪಗಳು, ಅಷ್ಟೇ.

ನಮ್ಮ ನೆಲಕ್ಕೂ ಇದರಲ್ಲಿ ಒಂದು ಪಾಲಿದೆ. 1945ರಲ್ಲಿ ಮಾರ್ಟಿಮರ್ ವೀಲರ್ ಪುದುಚೇರಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯ ಅರೆಜ್ಜೊ ಮಾದರಿಯ ಕೆಂಪು ಪಾತ್ರೆಯ ಚೂರುಗಳೂ ಮೆಡಿಟರೇನಿಯನ್ ಕಡೆಯ ಹೂಜಿಗಳ ಚೂರುಗಳೂ ಸಿಕ್ಕವು. ಹೂಜಿಗಳಲ್ಲಿ ಗ್ರೀಸಿನ ಕೋಸ್ ದ್ವೀಪದ ಮಾದರಿಯವೂ ಇದ್ದವು. ಕಾಲ ಗೊತ್ತಿದ್ದ ಅರೆಜ್ಜೊ ಪಾತ್ರೆಗಳ ಆಧಾರದಿಂದ ಅದೇ ಸ್ತರಗಳ ಭಾರತೀಯ ಮಡಕೆಗಳ ಕಾಲ ಕಟ್ಟಿ, ಅದೇ ಬಗೆಯ ಮಡಕೆಗಳನ್ನು ಹಿಡಿದು 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯ ಸ್ತರಗಳಿಗೆ ವೀಲರ್ ಕಾಲನಿರ್ದೇಶ ಮಾಡಿದರು. ಹರಾಜಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಆ ಬೋಕಿ ಚೂರುಗಳು ಸಿಕ್ಕ ಸ್ತರದ ಬಲದಿಂದ ನಮ್ಮ ಇತಿಹಾಸಕ್ಕೆ ಕಾಲದ ಗೂಟ ನೆಟ್ಟವು. ಒಬ್ಬ ಸಂಗ್ರಾಹಕನ ಕಪಾಟಿನಲ್ಲಿದ್ದಿದ್ದರೆ ಅವುಗಳಿಂದ ಈ ಕೆಲಸ ಆಗುತ್ತಿರಲಿಲ್ಲ.

ಕಾನೂನಿನ ಮಾತು. “1970ಕ್ಕಿಂತ ಹಿಂದಿನದು” ಎಂಬುದನ್ನು ಮಾರುವವರು ರಕ್ಷಾಯಂತ್ರದಂತೆ ಬಳಸುತ್ತಾರೆ. 1970 ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದದ ವರ್ಷ; ಸಂಗ್ರಹಾಲಯಗಳು ಅದನ್ನು ಗಡಿಯಾಗಿ ಒಪ್ಪಿಕೊಂಡಿವೆ. ಆದರೆ ಗ್ರೀಸಿನ ಮೊದಲ ಪ್ರಾಚ್ಯವಸ್ತು ಕಾಯ್ದೆ 1834ರದು. 1899ರ ಕಾಯ್ದೆ ನೆಲದಲ್ಲಿ ಸಿಗುವ ಪ್ರಾಚೀನ ವಸ್ತುಗಳೆಲ್ಲ ರಾಷ್ಟ್ರದ ಸ್ವತ್ತೆಂದು ಸಾರಿತು, 1932ರಲ್ಲಿ ಅದನ್ನು ಕ್ರೋಡೀಕರಿಸಿದರು, ಈಗ ಜಾರಿಯಲ್ಲಿರುವುದು ಮೂಲತಃ 2002ರಲ್ಲಿ ರೂಪಿಸಿದ ಕಾನೂನು. ಹೀಗಾಗಿ 1960ರಲ್ಲಿ ಪರವಾನಗಿಯಿಲ್ಲದೆ ಗ್ರೀಸ್ ಬಿಟ್ಟ ಗೊಂಬೆ 1970ಕ್ಕಿಂತ ಹಿಂದಿನದಾದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಅಕ್ರಮವಾಗಿ ಹೊರಹೋದ ವಸ್ತುಗಳನ್ನು ಐರೋಪ್ಯ ಒಕ್ಕೂಟದ ದೇಶಗಳು ಪರಸ್ಪರ ಮರಳಿಸಿಕೊಳ್ಳಲು 2014ರ ನಿರ್ದೇಶನವಿದೆ. ಜರ್ಮನಿಯ 2016ರ ಸಾಂಸ್ಕೃತಿಕ ಸ್ವತ್ತಿನ ಕಾಯ್ದೆಯಂತೆ ವಸ್ತುವಿನ ಮೂಲವನ್ನು ವಿಚಾರಿಸುವ ಹೊಣೆ ಮಾರುವವರ ಮೇಲಿದೆ. ಆದ್ದರಿಂದ ಲಿಖಿತ ದಾಖಲೆ ಕೇಳಲು ಹಿಂಜರಿಯಬೇಡಿ, ಕೇಳುವುದು ನಿಮ್ಮ ಹಕ್ಕು. ನನ್ನನ್ನು ಕೇಳಿದರೆ, ಆ ಗೊಂಬೆಯನ್ನು ಕೊಳ್ಳಬೇಡಿ.

ಉತ್ತರ 2: ಹಳೆಯ ಚೀಟಿ

ನಾನು ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷಗಳಿಂದ ಗ್ರೀಕ್ ಮಡಕೆಗಳನ್ನು ಸಂಗ್ರಹಿಸುತ್ತಿದ್ದೇನೆ. ಓಡುಚೂರು ಅವರ ಮಾತಿನ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಸಂಗ್ರಹವೇ ತಪ್ಪೆಂದು ಅವರ ಬರಹದಿಂದ ಯಾರಾದರೂ ತಿಳಿದರೆ ಅದನ್ನು ಒಪ್ಪಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಖ್ಯವಾಗಿ 1828ರ ನಂತರ ಇಟಲಿಯ ವುಲ್ಚಿಯಲ್ಲಿರುವ, ರೋಮನ್ನರಿಗೂ ಮೊದಲಿನ ಎಟ್ರಸ್ಕನ್ ಜನರ ಸಮಾಧಿಗಳಿಂದ, ಸಾವಿರಾರು ಅಥೆನ್ಸ್ ಮಡಕೆಗಳು ಯುರೋಪಿನ ಮನೆಗಳಿಗೆ ಬಂದವು. ನೀವು ಮೆಚ್ಚಿದ ಎಕ್ಸೇಕಿಯಾಸ್ ಬಟ್ಟಲು ಸಿಕ್ಕಿದ್ದೂ ವುಲ್ಚಿಯಲ್ಲೇ. ಆ ಹಳೆಯ ಸಂಗ್ರಹಗಳು ಒಡೆದಾಗ ಹೊರಬರುವ ವಸ್ತುಗಳಿಗೆ ಕಾಗದವಿರುತ್ತದೆ. ಅಂಥವನ್ನು ಕೊಂಡು, ಜೋಪಾನ ಮಾಡಿ, ವಿದ್ವಾಂಸರಿಗೆ ತೆರೆದಿಡುವುದರಲ್ಲಿ ನನಗೆ ದೋಷ ಕಾಣುವುದಿಲ್ಲ.

ನನ್ನಲ್ಲಿ ಬಿಳಿ ಲೇಪದ ಒಂದು ಲೆಕಿಥೊಸ್ ಇದೆ. ಸತ್ತವರಿಗೆ ಎಣ್ಣೆ ಅರ್ಪಿಸುವ, ನೀಳ ಕೊರಳಿನ ಪಾತ್ರೆ ಅದು. ಕೊಂಡಾಗ ಅದರ ಪಾದದ ಅಡಿಯಲ್ಲಿ ಉಗುರಿನಗಲದ, ಅಂಚು ಕಂದಿದ ಚೀಟಿಯೊಂದು ಅಂಟಿಕೊಂಡಿತ್ತು. ಅದರಲ್ಲಿ ಶಾಯಿಯಿಂದ ಬರೆದ ಮೂರು ಅಂಕಿಗಳಿದ್ದವು. ಆ ಅಂಕಿಯ ಬೆನ್ನು ಹತ್ತಿ ಎರಡು ವರ್ಷ ಗ್ರಂಥಾಲಯಗಳಲ್ಲಿ ಹಳೆಯ ಹರಾಜು ಕ್ಯಾಟಲಾಗ್‌ಗಳನ್ನು ತಿರುವಿದೆ. ಕೊನೆಗೆ ಮೊದಲ ಮಹಾಯುದ್ಧಕ್ಕೂ ಹಿಂದಿನ ಒಂದು ಪಟ್ಟಿಯಲ್ಲಿ ಅದೇ ಅಂಕಿ, ಅದೇ ಎತ್ತರ, ಬಾಯಂಚಿನ ಅದೇ ಮುಕ್ಕಿನ ವಿವರಣೆ ಸಿಕ್ಕಿತು. ಆ ಸಂಜೆಯ ಸಂತೋಷ ಮಡಕೆ ಕೊಂಡ ದಿನದ ಸಂತೋಷಕ್ಕಿಂತ ದೊಡ್ಡದಾಗಿತ್ತು. ಹಿನ್ನೆಲೆ ಎಂದರೆ ಇದು: ಹೆಸರು, ಊರು, ವರ್ಷ, ಚಿತ್ರ ಅಥವಾ ಅಳತೆ. “ಖಾಸಗಿ ಸಂಗ್ರಹ” ಎಂಬ ಎರಡು ಪದಗಳನ್ನು ನಾನು ಹಿನ್ನೆಲೆಯೆಂದು ಎಣಿಸುವುದಿಲ್ಲ. ಪ್ರತಿಷ್ಠಿತ ಜಾಗಗಳೂ ಇದರಲ್ಲಿ ಎಡವಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 1972ರಲ್ಲಿ ಹತ್ತು ಲಕ್ಷ ಡಾಲರಿಗೆ ಕೊಂಡ, ಅಥೆನ್ಸಿನ ಚಿತ್ರಕಾರ ಯೂಫ್ರೋನಿಯೊಸ್‌ನ ದೊಡ್ಡ ಪಾತ್ರೆ ಇಟಲಿಯ ಚೆರ್ವೆತೆರಿಯ ಸಮಾಧಿಯಿಂದ ಕದ್ದದ್ದೆಂದು ಬೆಳಕಿಗೆ ಬಂದು, ಅದು 2008ರಲ್ಲಿ ಇಟಲಿಗೆ ಮರಳಿತು.

ಇನ್ನು ಅಸಲಿ ನಕಲಿಯ ಪರೀಕ್ಷೆ. ಮಣ್ಣನ್ನು ಮೊದಲು ನೋಡಿ. ಅಥೆನ್ಸಿನ ಮಣ್ಣು ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಸುಟ್ಟಾಗ ನಮ್ಮ ಮಂಗಳೂರು ಹೆಂಚಿನ ಬಣ್ಣಕ್ಕೆ ಬರುತ್ತದೆ. ಕೊರಿಂಥದ ಮಣ್ಣು ಕಡಲೆ ಹಿಟ್ಟಿನಂತೆ ತಿಳಿ ಹಳದಿ, ಕೆಲವೊಮ್ಮೆ ತುಸು ಹಸಿರು ಛಾಯೆಯದು. ಅದರ ಮೇಲೆ ಕಪ್ಪು ಲೇಪ ಅಷ್ಟು ಗಟ್ಟಿಯಾಗಿ ಹಿಡಿಯದ ಕಾರಣ ಅರಿಬಾಲೊಸ್‌ಗಳಲ್ಲಿ ಬಣ್ಣ ಹಕ್ಕಳೆದ್ದಿರುವುದು ಸಾಮಾನ್ಯ. ಆಮೇಲೆ ಭೂತಗನ್ನಡಿ ಹಿಡಿದು ಯೋಧರ ಮೈಮೇಲಿನ ಗೀರುಗಳನ್ನು ನೋಡಿ. ಪ್ರಾಚೀನ ಕುಶಲಕರ್ಮಿ ಗೀರಿದ್ದು ಸುಡುವ ಮುನ್ನ, ಮಣ್ಣು ಇನ್ನೂ ಮೆತುವಾಗಿದ್ದಾಗ. ಆದ್ದರಿಂದ ಗೀರಿನ ಅಂಚು ನಯವಾಗಿರುತ್ತದೆ. ಸುಟ್ಟ ಮಡಕೆಯ ಮೇಲೆ ಇತ್ತೀಚೆಗೆ ಗೀರಿದ್ದರೆ ಅಂಚಿನುದ್ದಕ್ಕೂ ಲೇಪ ಸಣ್ಣ ಸಣ್ಣ ಚಕ್ಕೆಯಾಗಿ ಎದ್ದಿರುತ್ತದೆ. ಬರಿಯ ಹಳೆಯ ಮಡಕೆಗೆ ಹೊಸದಾಗಿ ಚಿತ್ರ ಬರೆದು ಮಾರುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅತಿನೇರಳೆ ದೀಪದ ಕೆಳಗೆ ಹಿಡಿದರೆ ನಂತರ ತುಂಬಿದ ಭಾಗಗಳು ಬೇರೆಯಾಗಿ ಹೊಳೆಯುತ್ತವೆ. ಹೊಸ ಬಣ್ಣ ಕರಗುತ್ತದೆಯೇ ಎಂದು ನೋಡಲು ನಿಮ್ಮದಲ್ಲದ ವಸ್ತುವಿನ ಮೇಲೆ ಅಸಿಟೋನ್ ಮುಟ್ಟಿಸಲು ಹೋಗಬೇಡಿ.

ಪ್ರಯೋಗಾಲಯದ ಉಷ್ಣದೀಪ್ತಿ ಪರೀಕ್ಷೆ, ಅಂದರೆ ಥರ್ಮೊಲುಮಿನೆಸೆನ್ಸ್, ಮಣ್ಣು ಕೊನೆಯ ಬಾರಿ ಬೆಂಕಿ ಕಂಡು ಎಷ್ಟು ಕಾಲವಾಯಿತೆಂದು ಹೇಳುತ್ತದೆ. ಅದು ಒಳ್ಳೆಯ ಪರೀಕ್ಷೆಯೇ, ಆದರೆ ಕೊರೆದು ಪುಡಿ ತೆಗೆದ ಬಿಂದುವಿಗಷ್ಟೇ ಅದರ ಸಾಕ್ಷಿ ಸಲ್ಲುತ್ತದೆ. ಇದನ್ನು ನಾನು ಕಲಿತದ್ದು ನಷ್ಟದಿಂದ. ಗ್ರೀಸಿನ ಬಿಯೋಶಿಯ ಪ್ರಾಂತದ್ದೆಂದು ಹೇಳಿದ, ಕುದುರೆ ಏರಿದ ಸವಾರನ ಮಣ್ಣಿನ ಗೊಂಬೆಯೊಂದನ್ನು ಪ್ರಮಾಣಪತ್ರ ನೋಡಿ ಕೊಂಡೆ. ವರ್ಷಗಳ ನಂತರ ಒಬ್ಬ ಸಂರಕ್ಷಕರಿಗೆ ತೋರಿಸಿದಾಗ ಗೊತ್ತಾಯಿತು: ಕುದುರೆಯ ಎರಡು ಕಾಲು ಮತ್ತು ಹೊಟ್ಟೆಯ ಭಾಗ ಮಾತ್ರ ಪ್ರಾಚೀನ, ಸವಾರನೂ ಕುದುರೆಯ ಕತ್ತೂ ಹೊಸವು, ಪುಡಿ ತೆಗೆದ ರಂಧ್ರ ಇದ್ದದ್ದು ಆ ಹಳೆಯ ಕಾಲಿನಲ್ಲಿ. ಗೊಂಬೆಗಳ ವಿಷಯದಲ್ಲಿ ಈ ಅಪಾಯ ಹಳೆಯದು. 1870ರ ಸುಮಾರಿಗೆ ಅದೇ ಪ್ರಾಂತದ ತನಾಗ್ರ ಊರಿನ ಸಮಾಧಿಗಳಿಂದ ಸೊಗಸಾದ ಸೆರಗು ಹೊದ್ದ ಹೆಣ್ಣುಗೊಂಬೆಗಳು ಹೊರಬಂದು ಪ್ಯಾರಿಸ್, ಬರ್ಲಿನ್‌ಗಳ ಸಿರಿವಂತರು ಮುಗಿಬಿದ್ದು ಕೊಂಡಾಗ, ಕೆಲವೇ ವರ್ಷಗಳಲ್ಲಿ ನಕಲಿಗಳೂ ಚೂರು ಜೋಡಿಸಿ ಮಾಡಿದವೂ ಪೇಟೆ ತುಂಬಿದವು. ಮೈಸೀನಿ ಗೊಂಬೆಯಂಥ ಸರಳ ವಸ್ತುವನ್ನು ನಕಲು ಮಾಡುವುದು ಇನ್ನೂ ಸುಲಭ.

ಗೊಂಬೆಯನ್ನು ಬಿಡಿ ಎಂಬ ಸಲಹೆಗೆ ನನ್ನ ಸಹಮತವಿದೆ. ಅರಿಬಾಲೊಸ್ ಬಗ್ಗೆ ಮಾರುವವರಿಗೆ ಪತ್ರ ಬರೆದು, ಹಿಂದಿನ ಒಡೆಯರ ಹೆಸರನ್ನೂ ಹಳೆಯ ಚಿತ್ರವನ್ನೂ ಕೇಳಿ. ಚಿತ್ರ ಕಳಿಸಿದರೆ ಯೋಧರನ್ನು ನೋಡಬೇಡಿ, ಬಣ್ಣ ಹಕ್ಕಳೆದ್ದ ಜಾಗಗಳ ಆಕಾರವನ್ನು ನೋಡಿ. ಯೋಧರ ಸಾಲು ನೂರಾರು ಕುಡಿಕೆಗಳ ಮೇಲಿದೆ, ಹಕ್ಕಳೆಯ ಆಕಾರ ಮಾತ್ರ ಒಂದೊಂದಕ್ಕೂ ಬೇರೆ.

ಉತ್ತರ 3: ಆವಿಗೆ

ಸಂಗ್ರಹದ ವಿಷಯ ನನಗೆ ತಿಳಿಯದು. ನಾನು ಖಾನಾಪುರದ ಕಡೆಯ ಕುಂಬಾರ, ಗ್ರೀಕರ ಕಪ್ಪು ಲೇಪದ ಗುಟ್ಟು ಹಿಡಿಯಲು ಆರು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಈ ತಂಗಿಗೆ ಕೈಗೆ ಹಿಡಿಯುವ ಆಸೆಯಿದೆ ಎಂದು ಓದಿ ಬರೆಯುತ್ತಿದ್ದೇನೆ, ಏಕೆಂದರೆ ಆ ಆಸೆ ತೀರಿಸಿಕೊಳ್ಳಲು ಇನ್ನೊಂದು ದಾರಿಯಿದೆ.

ಗ್ರೀಕರ ಕಪ್ಪು ಎಂಬುದು ಬಣ್ಣವಲ್ಲ, ಬೇರೆ ಪದಾರ್ಥವೂ ಅಲ್ಲ. ಮಡಕೆ ಮಾಡಿದಂಥ ಕಬ್ಬಿಣದ ಅಂಶವುಳ್ಳ ಮಣ್ಣಿನ ಅತ್ಯಂತ ನುಣುಪಾದ ಕಣಗಳ ತಿಳಿಲೇಪ. ಬೆಂಕಿ ಒಂದೇ, ಆದರೆ ಅದರಲ್ಲಿ ಮೂರು ಹಂತ. ಮೊದಲು ಆವಿಗೆಗೆ ಗಾಳಿ ಬಿಟ್ಟು ಉರಿಸಿದಾಗ ಮೈಯೂ ಲೇಪವೂ ಎರಡೂ ಕೆಂಪಾಗುತ್ತವೆ. ಕಾವು 900 ಡಿಗ್ರಿ ದಾಟುವ ಹೊತ್ತಿಗೆ ಗಾಳಿಯ ಬಾಯಿ ಮುಚ್ಚಿ ಹಸಿ ಸೌದೆ ತುರುಕಿದರೆ ಹೊಗೆ ತುಂಬಿ ಎಲ್ಲವೂ ಕಪ್ಪಾಗುತ್ತದೆ. ಆ ಕಾವಿಗೆ ನುಣುಪಾದ ಲೇಪ ಮಾತ್ರ ಬೆಸೆದುಕೊಂಡು ಗಾಜಿನಂತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಾವು ಸ್ವಲ್ಪ ಇಳಿದಾಗ ಮತ್ತೆ ಗಾಳಿ ಬಿಟ್ಟರೆ, ರಂಧ್ರಗಳಿರುವ ಮೈ ಗಾಳಿ ಹೀರಿ ಮರಳಿ ಕೆಂಪಾಗುತ್ತದೆ, ಮುಚ್ಚಿಕೊಂಡ ಲೇಪಕ್ಕೆ ಗಾಳಿ ಹೊಗದೆ ಅದು ಕಪ್ಪಾಗಿಯೇ ಉಳಿಯುತ್ತದೆ. ಜರ್ಮನಿಯ ಥಿಯೋಡರ್ ಶೂಮನ್ ಇದನ್ನು ಪ್ರಯೋಗದಿಂದ ತೋರಿಸಿ 1942ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಇದು ಬಿಡಿಸಲಾಗದ ಒಗಟಾಗಿತ್ತು.

ನಮ್ಮಲ್ಲಿಯೂ ಕರಿ ಮಡಕೆ ಮಾಡುವಾಗ ಕೊನೆಯಲ್ಲಿ ಹೊಗೆ ಕಟ್ಟಿ ಆವಿಗೆ ಮುಚ್ಚುತ್ತೇವೆ, ಆದರೆ ನಾವು ಅಲ್ಲಿಗೇ ನಿಲ್ಲಿಸುತ್ತೇವೆ. ಮತ್ತೆ ತೆರೆಯುವುದೇ ಗ್ರೀಕರ ಜಾಣ್ಮೆ, ಅದರಲ್ಲೇ ನಾನು ಸೋತದ್ದು. ಮೊದಲ ಸಲ ಎಲ್ಲವೂ ಕೆಂಪಾಗಿ ಬಂತು, ಲೇಪದ ಕಣ ದಪ್ಪವಿದ್ದುದರಿಂದ ಅದು ಮುಚ್ಚಿಕೊಂಡಿರಲಿಲ್ಲ. ಮುಂದಿನ ಸಲ ತೆರೆಯಲು ತಡಮಾಡಿ ಎಲ್ಲವೂ ಕಪ್ಪಾಗಿ ಉಳಿಯಿತು. ಆಮೇಲೆ ಬೂದಿಯ ತಿಳಿನೀರು ಬೆರೆಸಿ ಜೇಡಿಯನ್ನು ಹದಿನೈದು ದಿನ ಕದಡದೆ ಇಟ್ಟು, ಮೇಲೆ ನಿಂತ ಹಾಲಿನಂಥ ಪದರವನ್ನಷ್ಟೇ ಬಸಿದು, ನೆರಳಿನಲ್ಲಿ ಆರಿಸಿ, ಕೆನೆಯ ಹದಕ್ಕೆ ತಂದೆ. ಆ ಸಲ ಒಂದು ಬಿಲ್ಲೆಯ ಮೇಲೆ ಹೆಬ್ಬೆರಳಗಲದ ಕಪ್ಪು ಹೊಳಪು ಬಂತು, ಸುತ್ತ ಮಣ್ಣು ಕೆಂಪಾಗಿಯೇ ಇತ್ತು. ಆ ಬಿಲ್ಲೆಯನ್ನು ಇವತ್ತಿಗೂ ಪೂಜೆಯ ಗೂಡಿನಲ್ಲಿಟ್ಟಿದ್ದೇನೆ.

ಇದರಿಂದ ನೋಡುವ ಕಣ್ಣೂ ಬದಲಾಯಿತು. ಸಂಗ್ರಹಾಲಯದ ಮಡಕೆಯ ಕಪ್ಪಿನ ನಡುವೆ ಕೆಂಪು ಕಲೆ ಕಂಡರೆ, ಆವಿಗೆಯಲ್ಲಿ ಪಕ್ಕದ ಮಡಕೆ ಅಲ್ಲಿ ತಾಗಿತ್ತು, ಹೊಗೆ ಸರಿಯಾಗಿ ಸುತ್ತಲಿಲ್ಲ ಎಂದು ಗೊತ್ತಾಗುತ್ತದೆ. 2,500 ವರ್ಷಗಳ ಹಿಂದಿನ ಒಬ್ಬ ಕುಂಬಾರ ಆ ಬೆಳಗ್ಗೆ ಆವಿಗೆ ಬಿಚ್ಚಿ ಎಷ್ಟು ನೊಂದುಕೊಂಡಿರಬಹುದೆಂದು ನನಗೆ ಅರ್ಥವಾಗುತ್ತದೆ. ಮ್ಯೂನಿಕ್‌ನಲ್ಲಿ ಮಣ್ಣಿನ ಕೆಲಸ ಕಲಿಸುವವರು ಇದ್ದೇ ಇರುತ್ತಾರೆ. ಒಂದು ಅರಿಬಾಲೊಸನ್ನು ನೀವೇ ತಿಗರಿಯ ಮೇಲೆ ಎತ್ತಿ ನೋಡಿ. ಆ ಪುಟ್ಟ ದೇಹಕ್ಕೆ ಅಷ್ಟು ಅಗಲದ ಚಪ್ಪಟೆ ಬಾಯಿ ಕೂರಿಸುವುದು ಎಂಥ ಕೆಲಸವೆಂದು ಗೊತ್ತಾಗುತ್ತದೆ. ಆ ಬಾಯಿಯನ್ನೇ ಮೈಗೆ ಒರೆಸಿಕೊಂಡು ಎಣ್ಣೆ ಹಚ್ಚುತ್ತಿದ್ದರಂತೆ.

ಉತ್ತರ 4: ಸುಂಕದ ಕಟ್ಟೆ

ಮೈಸೂರಿಗೆ ಒಯ್ಯುವ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ 1972ರದು, 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು ಎಂಬುದು ಅದರ ಅಳತೆ. ವಸ್ತು ಭಾರತದಲ್ಲೇ ತಯಾರಾಗಿರಬೇಕೆಂಬ ಮಾತು ಆ ವ್ಯಾಖ್ಯೆಯಲ್ಲಿಲ್ಲ. ಸುಟ್ಟ ಮಣ್ಣಿನ ಶಿಲ್ಪಗಳು ನೋಂದಣಿ ಮಾಡಿಸಬೇಕಾದ ವರ್ಗಗಳಲ್ಲಿ ಸೇರಿವೆ, ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ಒಮ್ಮೆ ಒಳಗೆ ತಂದ ಮೇಲೆ ಮತ್ತೆ ಜರ್ಮನಿಗೆ ಹೋಗಬೇಕಾಗಿ ಬಂದರೆ ಅದನ್ನು ಕೈಚೀಲದಲ್ಲಿಟ್ಟು ಹೊರಡಲಾಗದು. ಬರುವಾಗ ವಿಮಾನ ನಿಲ್ದಾಣದಲ್ಲಿ, ಘೋಷಿಸುವಂಥದ್ದು ಇಲ್ಲದವರಿಗಿರುವ ಹಸಿರು ದಾರಿಯಲ್ಲಿ ಸುಮ್ಮನೆ ನಡೆದು ಬಿಡಬಹುದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಘೋಷಿಸಿ, ರಸೀದಿ ಪಡೆದು, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ನೋಂದಣಿ ಅಧಿಕಾರಿಗೆ ಮೊದಲೇ ಪತ್ರ ಬರೆದು ವಿಚಾರಿಸಿ. ಜರ್ಮನಿಯಿಂದ ಹೊರಡಿಸಲೂ ಪರವಾನಗಿ ಬೇಕಾಗುತ್ತದೆ. ಐರೋಪ್ಯ ಒಕ್ಕೂಟದ ಹೊರಗೆ ಹೋಗುವ ನೂರು ವರ್ಷ ದಾಟಿದ ಪುರಾತತ್ತ್ವ ವಸ್ತುಗಳಿಗೆ ಆ ನಿಯಮವಿದೆ.

ಮರುಬರಹ: ಇಸಾರ್ ದಡದಿಂದ

ಇಷ್ಟು ಶ್ರದ್ಧೆಯಿಂದ ಬರೆದ ನಾಲ್ವರಿಗೂ ನಾನು ಋಣಿ. ನಡೆದದ್ದನ್ನು ತಿಳಿಸುತ್ತೇನೆ.

ಎರಡೂ ವಸ್ತುಗಳ ಬಗ್ಗೆ ಪತ್ರ ಬರೆದೆ. ಗೊಂಬೆಯ ಒಡೆಯರ ಕುಟುಂಬ ಹೆಸರು ಹೇಳಲು ಇಚ್ಛಿಸುವುದಿಲ್ಲ ಎಂಬ ಉತ್ತರ ಬಂತು. ಅಲ್ಲಿಗೆ ಅದನ್ನು ಕೈಬಿಟ್ಟೆ. ನಿಜ ಹೇಳಬೇಕೆಂದರೆ ಓಡುಚೂರು ಅವರು ಬರೆದ ಮಗುವಿನ ಸಮಾಧಿಯ ಸಾಲನ್ನು ಓದಿದ ರಾತ್ರಿಯೇ ಅದನ್ನು ಮನೆಗೆ ತರುವ ಆಸೆ ನನ್ನಲ್ಲಿ ಉಳಿದಿರಲಿಲ್ಲ.

ಅರಿಬಾಲೊಸ್‌ಗೆ 1960ರ ದಶಕದ ಹರಾಜು ಕ್ಯಾಟಲಾಗ್ ಒಂದರ ಪುಟವನ್ನು ಕಳಿಸಿದರು. ಚಿತ್ರವಿತ್ತು, ಅಳತೆಯಿತ್ತು, ಯೋಧರೂ ಇದ್ದರು. ಅಳತೆಯಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವಷ್ಟೇ. ಆ ಪುಟ ಕೈಗೆ ಬಂದಾಗ ಕೊಂಡೇಬಿಡೋಣ ಅನ್ನಿಸಿತು. ಹಳೆಯ ಚೀಟಿ ಅವರ ಮಾತು ನೆನಪಾಗಿ, ನಾನು ಪೂರ್ವವೀಕ್ಷಣೆಯಲ್ಲಿ ತೆಗೆದುಕೊಂಡಿದ್ದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಹಳೆಯ ಚಿತ್ರದಲ್ಲಿ ಹಿಡಿಯ ಬಲಕ್ಕಿರುವ ಎರಡನೆಯ ಯೋಧನ ಗುರಾಣಿಯ ಬಣ್ಣ ಪೂರ್ತಿ ಹೋಗಿದೆ. ನಾನು ಕೈಯಲ್ಲಿ ಹಿಡಿದ ಕುಡಿಕೆಯಲ್ಲಿ ಅದೇ ಗುರಾಣಿ ಇಡಿಯಾಗಿದೆ, ಗೀರುಗಳು ಸಹಿತ. ಹೋದ ಬಣ್ಣ ಅರವತ್ತು ವರ್ಷಗಳ ನಂತರ ಮರಳುವುದಿಲ್ಲವಲ್ಲ. ಅದನ್ನು ಮತ್ತೆ ಯಾರಾದರೂ ಬರೆದಿರಬೇಕು, ಇಲ್ಲವೇ ಒಂದು ಕುಡಿಕೆಯ ಕಾಗದ ಇನ್ನೊಂದು ಕುಡಿಕೆಗೆ ಅಂಟಿರಬೇಕು. ಎರಡೂ ಚಿತ್ರಗಳನ್ನು ಗುರುತು ಹಾಕಿ ಅವರಿಗೆ ಕಳಿಸಿದೆ. ಎರಡು ದಿನಗಳ ನಂತರ ನೋಡಿದಾಗ ಆ ವಸ್ತುವನ್ನು ಹರಾಜಿನ ಪಟ್ಟಿಯಿಂದ ತೆಗೆದಿದ್ದರು, ವಿವರಣೆಯೇನೂ ಬರಲಿಲ್ಲ.

ಆವಿಗೆ ಅಣ್ಣನವರೇ, ನಮ್ಮ ಮನೆಯಿಂದ ಎರಡು ನಿಲ್ದಾಣ ದೂರದಲ್ಲಿ ಮಣ್ಣಿನ ಕೆಲಸ ಕಲಿಸುವ ಒಂದು ಜಾಗ ಸಿಕ್ಕಿದೆ, ಮುಂದಿನ ತಿಂಗಳಿನಿಂದ ಶನಿವಾರಗಳಂದು ಹೋಗುತ್ತೇನೆ. ಅಲ್ಲಿರುವುದು ವಿದ್ಯುತ್ ಗೂಡು, ಹೊಗೆ ಕಟ್ಟಲು ಬಿಡುವುದಿಲ್ಲವಂತೆ; ಆದರೆ ಬೇಸಿಗೆಯಲ್ಲಿ ಊರ ಹೊರಗೆ ಸೌದೆಯ ಆವಿಗೆ ಹಚ್ಚುತ್ತಾರೆ ಎಂದರು. ಅಷ್ಟರಲ್ಲಿ ಲೇಪ ಸಿದ್ಧ ಮಾಡಿಕೊಳ್ಳಬೇಕೆಂದಿದ್ದೇನೆ. ಬೂದಿಯ ತಿಳಿನೀರಿಗೆ ನೀವು ಯಾವ ಮರದ ಬೂದಿ ಬಳಸಿದಿರಿ, ಒಂದು ಕೊಡ ಜೇಡಿನೀರಿಗೆ ಎಷ್ಟು ಹಾಕಿದಿರಿ ಎಂದು ತಿಳಿಸುತ್ತೀರಾ?